ಈರಸಂಗಪ್ಪನ ಕತ್ತಲ ಕನ್ನಡಕ

ವಿಜಯಪುರದ ಕಡೆ ಒಂದು ಊರಿನಲ್ಲಿ ಈರಸಂಗಪ್ಪ ಎಂಬ ದ್ರಾಕ್ಷಿ ಬೆಳೆಗಾರನಿದ್ದ. ದ್ರಾಕ್ಷಿಗಿಂತ ಅವನಿಗೆ ಕೆಟ್ಟುಹೋದ ಯಂತ್ರಗಳ ಮೇಲೆ ಪ್ರೀತಿ ಹೆಚ್ಚು. ಊರಲ್ಲಿ ಯಾರ ಮನೆಯ ರೇಡಿಯೋ, ಮಿಕ್ಸರ್, ಫ್ಯಾನು ಕೆಟ್ಟರೂ ಅವನೇ ಬಿಚ್ಚಬೇಕು. ಬಿಚ್ಚಿದ್ದರಲ್ಲಿ ಕೆಲವು ಸರಿಹೋಗುತ್ತಿದ್ದವು, ಉಳಿದವು ಅವನ ಅಟ್ಟ ಸೇರುತ್ತಿದ್ದವು. ಹೆಂಡತಿ ನಿಂಬೆವ್ವ ಆ ಅಟ್ಟದ ಕಡೆ ತಲೆ ಎತ್ತಿ ನೋಡುವುದನ್ನೇ ಬಿಟ್ಟಿದ್ದಳು.

ಅವನಿಗೊಬ್ಬ ಬಾಲ್ಯದ ಗೆಳೆಯ, ಹೆಸರು ಸೋಮಲಿಂಗಪ್ಪ. ಇಬ್ಬರ ತೋಟಗಳೂ ಅಕ್ಕಪಕ್ಕ. ಇಬ್ಬರೂ ಕೂಡಿ ಒಂದೇ ಶೆಡ್ ಕಟ್ಟಿ, ಅರ್ಧದಲ್ಲಿ ಇವನ ದ್ರಾಕ್ಷಿ, ಅರ್ಧದಲ್ಲಿ ಅವನ ದ್ರಾಕ್ಷಿ ಬಲೆಗಳ ಮೇಲೆ ಹರಡಿ ಒಣಗಿಸುತ್ತಿದ್ದರು. ಸೋಮಲಿಂಗಪ್ಪ ಎತ್ತರದ ಆಳು, ಮಾತು ಕಡಿಮೆ. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಬಿಟ್ಟು ಬೇರೆ ಉಡುಪಿನಲ್ಲಿ ಅವನನ್ನು ಯಾರೂ ಕಂಡವರಿಲ್ಲ.

ಒಂದು ವರ್ಷ ಶೆಡ್ಡಿನಿಂದ ಒಣದ್ರಾಕ್ಷಿ ಕಳುವಾಗತೊಡಗಿತು. ಕತ್ತಲಾಗಿ ಎಲ್ಲರೂ ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲೇ ಯಾರೋ ಬಂದು ಚೀಲ ತುಂಬಿಕೊಂಡು ಹೋಗುತ್ತಿದ್ದರು. ಅದೂ ಈರಸಂಗಪ್ಪನ ಕಡೆಯಿಂದಲೇ. ದೀಪ ಹಾಕಿ ಕಾಯ್ದರೆ ಕಳ್ಳ ಬರುವುದಿಲ್ಲ, ದೀಪ ಆರಿಸಿದರೆ ಕಣ್ಣು ಕಾಣುವುದಿಲ್ಲ. ಕತ್ತಲಲ್ಲಿ ಕಾಣುವ ಕನ್ನಡಕ ಪಟ್ಟಣದಲ್ಲಿ ಸಿಗುತ್ತದೆಂದು ಕೇಳಿ ಈರಸಂಗಪ್ಪ ಬಸ್ಸು ಹತ್ತಿ ಹೋದ. ಬೆಲೆ ಕೇಳಿ, ಅಂಗಡಿಯವನು ಕೊಟ್ಟ ನೀರು ಕುಡಿದು, ಸುಮ್ಮನೆ ವಾಪಸ್ ಬಂದ.

"ಇದರಾಗೇನದ, ನಾನ ಮಾಡ್ತೀನಿ" ಎಂದು ಅಟ್ಟ ಹತ್ತಿದ.

ಅಟ್ಟದಲ್ಲಿ ಯಾರೋ ಎಸೆದಿದ್ದ ಹಳೆಯ ಸಿಸಿಟಿವಿ ಕ್ಯಾಮೆರಾ ಇತ್ತು. ಅದರ ಸುತ್ತ ಇರುವ ಸಣ್ಣ ದೀಪಗಳ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಕಾರು ಹಿಂದಕ್ಕೆ ತೆಗೆಯುವಾಗ ನೋಡುವ ಪುಟ್ಟ ಪರದೆಯೊಂದು ಸಿಕ್ಕಿತು. ಎರಡನ್ನೂ ವೆಲ್ಡಿಂಗ್ ಮಾಡುವವರ ಕನ್ನಡಕಕ್ಕೆ ಬಿಗಿದು, ಬ್ಯಾಟರಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಅಂಗಳಕ್ಕೆ ಬಂದ. ನಿಂಬೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, "ಹಾಕ್ಕೋರಿ, ಬ್ಯಾಡ ಅನ್ನಂಗಿಲ್ಲ. ಓಣ್ಯಾಗ ಮಾತ್ರ ಹೋಗಬ್ಯಾಡ್ರಿ, ಹುಡುಗ್ರು ಅಂಜತಾವ" ಎಂದಳು.

ಆದರೆ ಕನ್ನಡಕ ಕೆಲಸ ಮಾಡಿತು. ಕಗ್ಗತ್ತಲ ಕೋಣೆಯಲ್ಲಿ ಗೋಡೆ, ಕೊಡ, ಮಂಚ ಎಲ್ಲವೂ ಬೂದು ಬಣ್ಣದಲ್ಲಿ ಸ್ಪಷ್ಟವಾಗಿ ಕಂಡವು. ಈರಸಂಗಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಸಂಜೆಯೇ ಶೆಡ್ಡಿನ ಮೂಲೆಯಲ್ಲಿ ಬುಟ್ಟಿಗಳ ಹಿಂದೆ ಅಡಗಿ ಕೂತ.

ಕತ್ತಲಾಯಿತು. ಊಟದ ಹೊತ್ತಾಯಿತು. ಎತ್ತರದ ಒಬ್ಬ ಮನುಷ್ಯ ಸದ್ದಿಲ್ಲದೆ ಒಳಗೆ ಬಂದ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ. ಬೆನ್ನು ಇತ್ತ ಮಾಡಿ ಬಗ್ಗಿ ಚೀಲ ತುಂಬಿದ. ಈರಸಂಗಪ್ಪನಿಗೆ ಗೆಳೆಯನ ನೆನಪಾಯಿತು. ಏಳಲು ಹೋದರೆ ಬ್ಯಾಟರಿಯ ವೈರು ಬುಟ್ಟಿಗೆ ಸಿಕ್ಕಿ ದೊಪ್ಪನೆ ಬಿದ್ದ. ಎದ್ದು ನೋಡುವಷ್ಟರಲ್ಲಿ ಶೆಡ್ ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ಚಹಾದ ಅಂಗಡಿಯ ಮುಂದೆ, ಹತ್ತು ಜನ ಕೇಳುವಂತೆ ಅವನು ಸೋಮಲಿಂಗಪ್ಪನನ್ನು ನಿಲ್ಲಿಸಿದ. "ಸೋಮ್ಯಾ, ನಿನ್ನಿ ಸಂಜಿಕೆ ಶೆಡ್ಡಿಗೆ ಬಂದಿದ್ದಿ. ನನ್ನ ದ್ರಾಕ್ಷಿ ಒಯ್ದಿ. ನಾ ನೋಡೀನಿ."

ಸೋಮಲಿಂಗಪ್ಪ ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟ. "ನಾ ಬಂದಿಲ್ಲೋ ಈರ್ಯಾ. ನಿನ್ನಿ ಮಠದಾಗ ಭಜನಿಗೆ ಕುಂತಿದ್ದೆ."

"ಕತ್ತಲಾಗ ಕಾಣೂ ಕನ್ನಡಕದಾಗ ನೋಡೀನಿ. ಬಿಳಿ ಧೋತರ, ಬಿಳಿ ಟೊಪಗಿ. ಸುಳ್ಳು ಹೇಳಬ್ಯಾಡ."

"ನಾ ಬಂದಿಲ್ಲ ಅಂತ ಹೇಳೀನಿ" ಎಂದ ಸೋಮಲಿಂಗಪ್ಪ. ಈರಸಂಗಪ್ಪ ನಂಬುವುದಿಲ್ಲವೆಂದು ತಲೆ ಅಲ್ಲಾಡಿಸಿದ. ಸೋಮಲಿಂಗಪ್ಪ, "ಆತು. ನಾಳೆ ಮುಂಜಾನೆ ನನ್ನ ಕಡಿ ಶೆಡ್ ಬಿಚ್ಚಿ ಒಯ್ತೀನಿ. ಕಳ್ಳನ ಜೋಡಿ ನೀ ಯಾಕ ಕೂಡಿ ಇರಬೇಕು?" ಎಂದು ನಡೆದುಬಿಟ್ಟ.

ಈರಸಂಗಪ್ಪನಿಗೆ ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ. ಸಂಶಯ ಪರಿಹಾರವಾಗಲಿ ಎಂದು ಮಠಕ್ಕೆ ಹೋಗಿ ಕೇಳಿದ. ಭಜನೆಯವರೆಲ್ಲ ಒಂದೇ ಮಾತು ಹೇಳಿದರು: ಸೋಮಲಿಂಗಪ್ಪ ಮಂಗಳಾರತಿ ಆಗುವವರೆಗೂ ತಾಳ ಬಾರಿಸುತ್ತ ಅಲ್ಲೇ ಇದ್ದ. ಈಗ ಈರಸಂಗಪ್ಪನ ತಲೆ ಕೆಟ್ಟುಹೋಯಿತು. ಒಬ್ಬನೇ ಮನುಷ್ಯ ಅಲ್ಲೂ ಇಲ್ಲೂ ಇರುವುದು ಹೇಗೆ? ಭಜನೆಯವರೆಲ್ಲ ಕೂಡಿ ಸುಳ್ಳು ಹೇಳುತ್ತಿದ್ದಾರೆಯೆ? ಹಾಗಾದರೆ ದ್ರಾಕ್ಷಿಯಲ್ಲಿ ಅವರಿಗೂ ಪಾಲು ಇದೆಯೆ? ಮಠದ ಪ್ರಸಾದದಲ್ಲಿ ಹಾಕಿದ್ದ ಒಣದ್ರಾಕ್ಷಿ ಎಲ್ಲಿಯದು? ಹೀಗೆ ಯೋಚಿಸುತ್ತ ಯೋಚಿಸುತ್ತ ಸಂಜೆಯ ಹೊತ್ತಿಗೆ ಅವನ ಲೆಕ್ಕದಲ್ಲಿ ಊರಿಗೆ ಊರೇ ಕಳ್ಳರ ಗುಂಪಾಗಿತ್ತು. ಕನ್ನಡಕವೊಂದರ ಮೇಲೆ ಮಾತ್ರ ಅವನಿಗೆ ಸಂಶಯ ಬರಲಿಲ್ಲ, ಯಾಕೆಂದರೆ ಅದನ್ನು ಮಾಡಿದವನು ತಾನು.

ಕತ್ತಲಾಗುತ್ತಲೇ ಕರೆಂಟು ಹೋಯಿತು. ಇನ್ನೊಮ್ಮೆ ಶೆಡ್ಡಿಗೆ ಹೋಗಿ ಕೂಡೋಣವೆಂದು ಅವನು ಕನ್ನಡಕ ಹಾಕಿಕೊಂಡು ನಡುಮನೆಯಲ್ಲಿ ನಿಂತ. ಅಡುಗೆಮನೆಯಿಂದ ನಿಂಬೆವ್ವ ಹೊರಗೆ ಬಂದಳು. ನಡಿಗೆ ಅವಳದೇ. ಆದರೆ ಉಟ್ಟಿದ್ದು ಬಿಳಿ ಸೀರೆ. ಹಣೆಯ ಮೇಲೆ ಕುಂಕುಮವಿಲ್ಲ.

ಗಂಡ ಸತ್ತವಳ ವೇಷದಲ್ಲಿ ಹೆಂಡತಿ ಎದುರು ನಿಂತರೆ ಯಾವ ಗಂಡನಿಗೆ ಬುದ್ಧಿ ನೆಟ್ಟಗಿರುತ್ತದೆ, ಹೇಳಿ. ಈರಸಂಗಪ್ಪ ತನ್ನ ಕೈ ತಾನೇ ಚಿವುಟಿಕೊಂಡ. ನೋವಾಯಿತು, ಆದರೂ ಧೈರ್ಯ ಬರಲಿಲ್ಲ.

"ನಿಂಬೆವ್ವ, ನಾ ಅದೀನೋ, ಹೋಗೀನೋ?"

"ಊಟಕ್ಕ ಕರೀಲಿಕ್ಕೆ ಬಂದೀನಿ. ಹೋದವರಿಗೆ ಯಾರು ರೊಟ್ಟಿ ಬಡೀತಾರ?"

"ಮತ್ತ ಈ ಬಿಳಿ ಸೀರಿ ಯಾಕ ಉಟ್ಟಿ? ಕುಂಕುಮ ಯಾಕ ಅಳಿಸಿದಿ?"

ಇಂಥ ಮಾತು ಕೇಳಿ ನಿಂಬೆವ್ವನಿಗೆ ಸಿಟ್ಟು ನೆತ್ತಿಗೇರಿತು. ಮೊಬೈಲಿನ ಟಾರ್ಚ್ ಹಚ್ಚಿ, ಅವನ ಮುಖದಿಂದ ಕನ್ನಡಕ ಕಿತ್ತು ತೆಗೆದಳು. ಎದುರು ನಿಂತವಳು ಕರಿ ಸೀರೆ ಉಟ್ಟಿದ್ದಳು. ಹಣೆಯ ತುಂಬ ಕೆಂಪು ಕುಂಕುಮವಿತ್ತು.

ಈರಸಂಗಪ್ಪ ಟಾರ್ಚ್ ಆರಿಸಿ ಕನ್ನಡಕ ಹಾಕಿದ, ಸೀರೆ ಬಿಳಿ. ತೆಗೆದು ಟಾರ್ಚ್ ಹಚ್ಚಿದ, ಸೀರೆ ಕರಿ. ತನ್ನ ನೀಲಿ ಅಂಗಿ ತಂದು ನೋಡಿದ. ಕೆಂಪು ಶಾಲು, ಕಂದು ಚಾದರ, ಕೈಗೆ ಸಿಕ್ಕಿದ್ದೆಲ್ಲ ತಂದು ನೋಡಿದ. ಎಲ್ಲವೂ ಬೆಳ್ಳಗೆ ಕಂಡವು. ಕನ್ನಡಕ ನೋಡುತ್ತಿದ್ದದ್ದು ನಮ್ಮ ಬೆಳಕಿನಲ್ಲಿ ಅಲ್ಲ. ಬಟ್ಟೆಗೆ ಹಾಕಿದ ಬಣ್ಣ ಅದರ ಬೆಳಕಿನಲ್ಲಿ ಕಾಣುತ್ತಲೇ ಇರಲಿಲ್ಲ, ಕಪ್ಪು ಬಟ್ಟೆಯೂ ಬಿಳಿಯಾಗುತ್ತಿತ್ತು. ಶೆಡ್ಡಿಗೆ ಬಂದವನು ಕರಿ ಅಂಗಿಯವನೋ, ನೀಲಿ ಅಂಗಿಯವನೋ, ಅವನಿಗೀಗ ಏನೂ ಗೊತ್ತಿರಲಿಲ್ಲ. ಗೆಳೆಯನನ್ನು ಹತ್ತು ಜನರ ಮುಂದೆ ಕಳ್ಳ ಎಂದದ್ದು ಮಾತ್ರ ಚೆನ್ನಾಗಿ ಗೊತ್ತಿತ್ತು. ಆ ನಾಚಿಕೆಯಲ್ಲಿ ರೊಟ್ಟಿ ಇಳಿಯಲಿಲ್ಲ.

ಬೆಳಕು ಹರಿಯುತ್ತಲೇ ಶೆಡ್ಡಿಗೆ ಓಡಿದ. ಸೋಮಲಿಂಗಪ್ಪ ಆಗಲೇ ತನ್ನ ಕಡೆಯ ಬಲೆಯ ಗಂಟುಗಳನ್ನು ಬಿಚ್ಚುತ್ತಿದ್ದ.

"ಸೋಮ್ಯಾ, ತಪ್ಪಾತು. ನೀ ಅಲ್ಲ. ನೀ ಕಳ್ಳ ಅಲ್ಲ."

ಸೋಮಲಿಂಗಪ್ಪನ ಕೈ ನಿಂತಿತು. "ಹೆಂಗ ಗೊತ್ತಾತು?"

ಈರಸಂಗಪ್ಪ ಒಂದೇ ಉಸಿರಿನಲ್ಲಿ ಸೀರೆ, ಕುಂಕುಮ, ಶಾಲು, ಚಾದರ ಎಲ್ಲವನ್ನೂ ಹೇಳಿದ. ಸೋಮಲಿಂಗಪ್ಪ ಪೂರ್ತಿ ಕೇಳಿಸಿಕೊಂಡ.

"ಅಂದ್ರ, ನಾ ಕಳ್ಳ ಅಂತ ನಿನಗ ಹೇಳಿದ್ದೂ ಆ ಕನ್ನಡಕನ. ಅಲ್ಲ ಅಂತ ಹೇಳಿದ್ದೂ ಅದ ಕನ್ನಡಕನ. ನಡುವ ನಾನೂ ಒಂದು ಮಾತು ಹೇಳಿದ್ನಲ್ಲ, ಈರ್ಯಾ?"

ಸೋಮಲಿಂಗಪ್ಪ ಮುಂದಿನ ಗಂಟಿಗೆ ಕೈ ಹಾಕಿದ.

ಕಳ್ಳ ಯಾರೆಂದು ಕೇಳುತ್ತೀರಾ? ಅದು ಇವತ್ತಿಗೂ ಗೊತ್ತಾಗಿಲ್ಲ. ಗೆಳೆಯರಿಬ್ಬರೂ ಈಗ ಮಾತಾಡುತ್ತಾರೆ, ಕೂಡಿ ಚಹಾನೂ ಕುಡಿಯುತ್ತಾರೆ. ದ್ರಾಕ್ಷಿ ಮಾತ್ರ ಬೇರೆ ಬೇರೆ ಶೆಡ್ಡಿನಲ್ಲಿ ಒಣಗುತ್ತದೆ.

ನೀತಿ: ಯಂತ್ರ ತೋರಿಸಿದ್ದನ್ನು ನಂಬುವ ಮೊದಲು ಅದು ಹೇಗೆ ನೋಡುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಜೊತೆಯಲ್ಲಿ ಬಾಳಿದವರ ಮಾತನ್ನು ನಂಬುವುದಕ್ಕೆ ಯಂತ್ರದ ಸಾಕ್ಷಿಗಾಗಿ ಕಾಯಬೇಡಿ.