ಕೊಳಚೆ ಘಟಕದಲ್ಲಿ ಹೋಳಿಗೆ ಊಟ

ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ಹಾಲೇಶಪ್ಪನೇ ಆಪರೇಟರು. ಒಂದು ದಿನ ದೊಡ್ಡ ಇಂಜಿನಿಯರ್ ವಿರೂಪಾಕ್ಷಯ್ಯನವರು ಬಂದು ಗುಡುಗಿದರು. "ಕರೆಂಟು ಖರ್ಚು ಕಾಲುಭಾಗ ಇಳೀಬೇಕು. ಆದರೆ ತೊಟ್ಟಿಗೆ ಗಾಳಿ ಊದೋ ಮೂರು ಯಂತ್ರದಲ್ಲಿ ಒಂದೂ ನಿಲ್ಲಕೂಡದು. ಆಗದಿದ್ದರೆ ನಿನಗೆ ವರ್ಗ."

ಊಟದ ಹೊತ್ತಾಗಿತ್ತು. ಹಾಲೇಶಪ್ಪ ಸಾಹೇಬರಿಗೆ ಎಲೆ ಹಾಕಿ, ಮನೆಯಿಂದ ತಂದ ಹೋಳಿಗೆ ಬಡಿಸಿದ. ಸಾಹೇಬರು ಮೂರು ತಿಂದು, ನಾಲ್ಕನೆಯದಕ್ಕೆ ಎಲೆಗೆ ಕೈ ಅಡ್ಡ ಹಿಡಿದರು. ಅವನು ಆ ಕೈಮೇಲೇ ಹೋಳಿಗೆ ಇಟ್ಟು ತುಪ್ಪ ಸುರಿದ.

"ಹೊಟ್ಟೆ ತುಂಬಿದೆ ಅಂದರೂ ಬಡಿಸ್ತೀಯಲ್ಲಯ್ಯಾ, ಸುಮ್ಮನೆ ದಂಡ ಅಲ್ವಾ?"

"ತೊಟ್ಟೀಲಿ ಕೊಳೆ ತಿನ್ನೋ ಹುಳಗಳೂ ಅದನ್ನೇ ಹೇಳ್ತಿವೆ ಸಾರ್." ಹಾಲೇಶಪ್ಪ ತೊಟ್ಟಿಗೆ ತಂತಿ ಇಳಿಬಿಟ್ಟಿದ್ದ, ನೀರಿನೊಳಗಿನ ಗಾಳಿ ಅಳೆಯುವ ಮೀಟರನ್ನು ಎಲೆಯ ಪಕ್ಕ ಇಟ್ಟ. "ಮುಳ್ಳು ಎರಡು ದಾಟಿದರೆ ಅವು ಕೈ ಅಡ್ಡ ಹಿಡಿದ ಹಾಗೆ. ಈಗ ನಾಲ್ಕಕ್ಕೆ ಬಂದಿದೆ. ನಾವು ಊದ್ತಾನೇ ಇದ್ದೀವಿ."

ಸಾಹೇಬರು ಮುಳ್ಳನ್ನು ನೋಡಿದರು, ತುಪ್ಪ ಸೋರುವ ತಮ್ಮ ಕೈಯನ್ನೂ ನೋಡಿಕೊಂಡರು. ನಗು ತಡೆಯಲಾಗಲಿಲ್ಲ.

"ಹೋಗು, ಒಂದು ಯಂತ್ರ ನಿಲ್ಲಿಸು. ಅಲ್ಲಯ್ಯಾ, ಹುಳದ ಮಾತು ಕೇಳ್ತೀಯ, ಹೊಟ್ಟೆ ತುಂಬಿದೆ ಅನ್ನೋ ನನ್ನ ಮಾತು ಕೇಳಲಿಲ್ಲವಲ್ಲ?"

"ನಿಮಗೆ ಮೀಟರು ಕೂಡಿಸಿಲ್ಲವಲ್ಲ ಸಾರ್," ಅಂತ ಹಾಲೇಶಪ್ಪ ಇನ್ನೊಂದು ಹೋಳಿಗೆ ಬಡಿಸಿದ.