ಕೆರೆಗೆ ಬಂದ ಅತಿಥಿ

ಒಂದು ಕೆರೆಯಲ್ಲಿ ಕಪ್ಪೆಯಜ್ಜಿಯೊಬ್ಬಳಿದ್ದಳು. ಊರಿನ ಸೊಳ್ಳೆಗಳನ್ನು ತಲತಲಾಂತರದಿಂದ ತಿಂದು ಮುಗಿಸುತ್ತಿದ್ದುದು ಅವಳ ವಂಶವೇ. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ! ಒಂದು ದಿನ ಊರವರು ವಾಲಗ ಊದಿಸಿಕೊಂಡು ಬಂದು, ಸೊಳ್ಳೆಮರಿ ತಿನ್ನಲೆಂದು ಕಡಲಾಚೆಯಿಂದ ತರಿಸಿದ ಪುಟ್ಟ ಮೀನುಗಳನ್ನು ಕೆರೆಗೆ ಬಿಟ್ಟರು.

ಕಪ್ಪೆಯಜ್ಜಿ ಹಿಗ್ಗಿ ಎದುರುಗೊಂಡಳು. "ಬನ್ನಿ, ದೂರದಿಂದ ದಣಿದು ಬಂದಿದ್ದೀರಿ. ಜೊಂಡಿನ ಬುಡದಲ್ಲಿ ತಂಪಾಗಿದೆ, ನನ್ನ ಮೊಮ್ಮಕ್ಕಳು ಆಡುವುದೂ ಅಲ್ಲೇ. ನಿಮ್ಮ ಮನೆಯೆಂದೇ ತಿಳಿಯಿರಿ."

ಬೆಳಗಾಗುವಷ್ಟರಲ್ಲಿ ಜೊಂಡಿನ ಬುಡದಲ್ಲಿ ಒಂದು ಗೊದಮೊಟ್ಟೆಯೂ ಉಳಿದಿರಲಿಲ್ಲ.

"ಅಯ್ಯೋ, ನೀವು ಬಂದದ್ದು ಸೊಳ್ಳೆಮರಿ ತಿನ್ನಲಲ್ಲವೇ?" ಎಂದು ಅಜ್ಜಿ ಗೋಳಿಟ್ಟಳು.

"ಹೌದು ತಾಯಿ," ಎಂದಿತು ಮೀನು, ಬಾಯಿ ಚಪ್ಪರಿಸುತ್ತಾ. "ಆದರೆ ಎಲೆ ಹಾಕಿ ಬಡಿಸಿದ್ದನ್ನು ಬಿಟ್ಟು ಎದ್ದರೆ ಮನೆಯವರಿಗೆ ಅವಮಾನವಲ್ಲವೇ?"

ಕೊಬ್ಬಿದ ಮೀನುಗಳು ಆಮೇಲೆ ಸೊಳ್ಳೆಮರಿಯನ್ನು ಮೂಸಿಯೂ ನೋಡಲಿಲ್ಲ. ಮುಂದಿನ ಮಳೆಗಾಲಕ್ಕೆ ಕೆರೆಯಲ್ಲಿ ವಟಗುಟ್ಟುವವರಿಲ್ಲ, ಊರ ತುಂಬ ಸೊಳ್ಳೆ. ಜನ ಮೈ ಕೆರೆದುಕೊಳ್ಳುತ್ತಾ ಕೆರೆಯ ಏರಿಯ ಮೇಲೆ ಸಭೆ ಸೇರಿದರು. ಈಗಲಾದರೂ ಇವರಿಗೆ ಬುದ್ಧಿ ಬಂದೀತೆಂದು ಅಜ್ಜಿ ಕಿವಿಗೊಟ್ಟು ಕೂತಳು.

"ಬಿಟ್ಟ ಮೀನು ಸಾಲದು, ಇನ್ನಷ್ಟು ತರಿಸೋಣ" ಎಂದರು ಊರ ಹಿರಿಯರು. ಎಲ್ಲರೂ ಚಪ್ಪಾಳೆ ತಟ್ಟಿದರು.

ವಾಲಗ ಮತ್ತೆ ಕೆರೆಯತ್ತ ಬಂದ ದಿನ ಅಜ್ಜಿ ಬೇರೆ ನೀರು ಹುಡುಕಿಕೊಂಡು ಹೊರಟಳು. ದಾರಿಯಲ್ಲಿ ಸೊಳ್ಳೆಯೊಂದು ಅವಳ ಮೂಗಿನ ಮೇಲೆಯೇ ಬಂದು ಕೂತಿತು. ಅಜ್ಜಿಗೆ ನಾಲಿಗೆ ಚಾಚುವ ಮನಸ್ಸೂ ಬರಲಿಲ್ಲ.

"ಏನಜ್ಜಿ, ಈ ವಾಲಗ ಯಾರಿಗೆ?" ಎಂದು ಕೇಳಿತು ಸೊಳ್ಳೆ.

"ನಿನಗೇ ಕಣೇ," ಎಂದಳು ಅಜ್ಜಿ.