ಮೇಸ್ತ್ರಿಯಿಲ್ಲದ ಮನೆ

“ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಕನಕಮಾಲೆಯ ಮೂರು ಒಗಟು ಬಿಡಿಸಿದವನಿಗೆ ಅವಳೊಡನೆ ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!”

ಡಂಗುರ ಸಾರಿದಾಗ ತಿಪ್ಪ ಕಾವಿಗಿಟ್ಟ ಮೊಟ್ಟೆಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಅರಮನೆಯ ಕೋಳಿಗೂಡು ಕಾಯುವುದು ಅವನ ಮನೆತನದ ಕೆಲಸ. ಮೊಟ್ಟೆಯೊಳಗೆ ಜೀವ ಹೇಗೆ ಕೂಡುತ್ತದೆಂದು ತಾಯಿ ಗೌರವ್ವ ದಿನಕ್ಕೊಂದು ಮೊಟ್ಟೆ ಒಡೆದು ಅವನಿಗೆ ಕಲಿಸಿದ್ದಳು. ಜನ ಮೂಗು ಮುರಿಯುತ್ತಿದ್ದರು. ತಿಪ್ಪನಿಗೋ ಆ ವಿದ್ಯೆಯೆಂದರೆ ಎಲ್ಲಿಲ್ಲದ ಹೆಮ್ಮೆ.

ತಮಾಷೆ ನೋಡಲು ಹೋದವನನ್ನು ಸಭೆಯ ಬಾಗಿಲಲ್ಲಿ ಕಾವಲಿನವನು ತಡೆದ. “ಏಯ್, ಹಿಕ್ಕೆ ಮೆಟ್ಟಿದ ಕಾಲು! ಹೊಸ್ತಿಲ ಆಚೆಗೇ ನಿಲ್ಲು.”

ಒಳಗೆ ಅರಸನ ಪಕ್ಕ ಕೂತ ಕನಕಮಾಲೆ ಕೇಳಿದಳು: “ಮೇಸ್ತ್ರಿಯಿಲ್ಲ, ಆಳಿಲ್ಲ. ಇಟ್ಟಿಗೆಗಳೇ ನಡೆದು ಹೋಗಿ ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಯಾವ ಮನೆ?”

“ಹುತ್ತ!” ಎಂದ ಮೀಸೆಯ ರಾಜಕುಮಾರ.

“ಗೆದ್ದಲು ಮಣ್ಣು ಹೊರುತ್ತದೆ. ಇದಕ್ಕೆ ಹೊರುವವರೇ ಇಲ್ಲ.” ಅವನನ್ನು ಎಳೆದೊಯ್ದರು.

ಎರಡನೆಯವನು “ಜೇನುಗೂಡು” ಎಂದು ಅವನ ದಾರಿ ಹಿಡಿದ. ಮೂರನೆಯವನು ಮೆಲ್ಲಗೆ ಹಿಂಬಾಗಿಲು ಹುಡುಕಿದ.

ತಿಪ್ಪನ ನಾಲಿಗೆ ತಡೆಯಲಿಲ್ಲ. ಹೊಸ್ತಿಲಾಚೆಯಿಂದಲೇ ಕೂಗಿದ: “ಮೊಟ್ಟೆಯೊಳಗಿನ ಪಿಳ್ಳೆ ಕಣವ್ವಾ! ಕಣ್ಣಿಗೆ ಕಾಣದ ಕಣಗಳೇ ಸರಿದು ಸರಿದು ಮೈ ಕಟ್ಟುತ್ತವೆ.”

ಸಭೆ ನಕ್ಕಿತು. ಅವಳು ನಗಲಿಲ್ಲ. “ಸರಿ ಉತ್ತರ. ಬಾಯಿ ಹಾಕಿದ ಮೇಲೆ ತಲೆಯೂ ಪಣ. ಎರಡನೆಯದು ಕೇಳು: ಒಂದೇ ಹಾಸು, ಒಂದು ಗೆರೆಯಲ್ಲಿ ಒಳಗಿಳಿದು ಮೂರಾಗುತ್ತದೆ. ಮೂರಕ್ಕೂ ಏನೇನು ಪಾಲು?”

ಮೊದಲ ದಿನದ ಮೊಟ್ಟೆಯಲ್ಲಿ ಅವ್ವ ತೋರಿಸಿದ ಬಿಳಿ ಗೆರೆ ತಿಪ್ಪನ ಕಣ್ಣಿಗೆ ಕಟ್ಟಿತು. “ಆ ಗೆರೆಯಲ್ಲಿ ಕಣಗಳು ಒಳಗೆ ಇಳಿದು ಮೂರು ಪದರವಾಗುತ್ತವೆ. ಒಳಪದರಕ್ಕೆ ಕರುಳು. ನಡುವಿನದಕ್ಕೆ ಎಲುಬು, ರಕ್ತ, ಗುಂಡಿಗೆ. ಹೊರಗಿನದಕ್ಕೆ ಚರ್ಮ, ಪುಕ್ಕ…” ಅಲ್ಲಿಗೆ ನಿಲ್ಲಿಸಿದ.

“ಉಳಿದದ್ದೇ ಮೂರನೆಯ ಒಗಟು,” ಎಂದಳು ಅವಳು. “ಒಡಹುಟ್ಟಿದವರು ಇಬ್ಬರು. ಒಬ್ಬ ಬಿಸಿಲು ಮಳೆಗೆ ಮೈಯೊಡ್ಡುತ್ತಾನೆ. ಇನ್ನೊಬ್ಬ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಅವನನ್ನೇ ಆಳುತ್ತಾನೆ. ಯಾರವರು?”

ಕೊಡಲಿಯವನು ಹತ್ತಿರ ಬಂದ. ತಿಪ್ಪ ತನ್ನ ಕೊಳೆ ಕಾಲನ್ನೇ ನೋಡಿಕೊಂಡ, ತಟ್ಟನೆ ತಲೆಯೆತ್ತಿದ.

“ಚರ್ಮ ಮತ್ತು ಮಿದುಳು! ಹೊರಪದರವೇ ಮಡಿಚಿಕೊಂಡು ಒಳಗೆ ಹೋಗಿ ಮಿದುಳಾಗುತ್ತದೆ. ಮಾಸ್ವಾಮಿ, ತಮ್ಮ ಕಿರೀಟದ ಕೆಳಗಿರುವುದೂ ನನ್ನ ಅಂಗಾಲಿನ ಚರ್ಮವೂ ಒಂದೇ ಪದರದಲ್ಲಿ ಹುಟ್ಟಿದವು.”

ಅರಸ ಮೆಲ್ಲಗೆ ತನ್ನ ಹಣೆ ಮುಟ್ಟಿಕೊಂಡ. ಕನಕಮಾಲೆ ಎದ್ದು ಹೊಸ್ತಿಲವರೆಗೆ ಬಂದಳು. “ಮೂರೂ ಸರಿ. ಒಳಗೆ ಬಾ. ಕಾಲು ತೊಳೆಯಬೇಡ.”

“ಮೊದಲು ನಮ್ಮವ್ವ ಬರಲಿ,” ಎಂದ ತಿಪ್ಪ, ಎದೆಯುಬ್ಬಿಸಿ. “ಕಲಿಸಿದವಳು ಅವಳು.”

ಗೌರವ್ವ ಬರಿಗಾಲಲ್ಲೇ ಬಂದಳು. ಮದುವೆಯೂ ಆಯಿತು, ಅರ್ಧ ರಾಜ್ಯವೂ ಸಿಕ್ಕಿತು. ಕೋಳಿಗೂಡಿನವರು ಇವತ್ತಿಗೂ ಆ ಅರಮನೆಗೆ ಮುಂಬಾಗಿಲಿಂದಲೇ ಬರುತ್ತಾರೆ.